ಬೇಯಿಸಿದ ಮೇಲೆ ಏನೂ ಉಳಿಯಲ್ಲ ಬಿಡಿ

ಈ ವಾರವೆಲ್ಲ ಒಂದೇ ಮಾತು ತಲೆಯಲ್ಲಿ ಕೊರೆಯುತ್ತಿದೆ.

ಗೆಳತಿಯ ಮನೆಯಲ್ಲಿ ಹುಟ್ಟುಹಬ್ಬ. ಕೇಕ್ ಅವಳೇ ಮಾಡಿದ್ದಳು. ಹಾಲಿನ ಬದಲು ಸ್ಟೌಟ್ ಅನ್ನುವ ಕಪ್ಪು ಬಿಯರ್ ಹಾಕಿದ ಚಾಕೊಲೇಟ್ ಕೇಕ್. ಬಂದವರಲ್ಲಿ ಒಬ್ಬರು ಎರಡನೇ ತುಂಡು ತಿನ್ನುತ್ತಾ, "ಇಷ್ಟು ಮೆತ್ತಗೆ ಹೇಗೆ ಬಂತು? ಏನು ಹಾಕಿದ್ದೀರಿ?" ಎಂದು ಕೇಳಿದರು. "ಬಿಯರ್!" ಅಂದಳು, ಖುಷಿಯಿಂದ. ಅವರು ಫೋರ್ಕ್ ಕೆಳಗಿಟ್ಟರು. ಅದರ ತುದಿಯಲ್ಲಿ ಕೇಕಿನ ಚೂರು ಹಾಗೇ ಇತ್ತು. "ನಾನು ಕುಡಿಯೋದು ಬಿಟ್ಟಿದ್ದೀನಿ" ಅಂದರು.

"ಅಯ್ಯೋ, ಬೇಯಿಸಿದ ಮೇಲೆ ಏನೂ ಉಳಿಯಲ್ಲ ಬಿಡಿ."

ಅವಳ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಅವಳು ಅದನ್ನು ನಿಜವಾಗಿಯೂ ನಂಬಿದ್ದಾಳೆ. ತುಂಬಾ ಜನ ನಂಬಿದ್ದಾರೆ. ಆದರೆ ಅದು ಸುಳ್ಳು. ಆಲ್ಕೋಹಾಲ್ ಕುದಿಯುವುದು 78 ಡಿಗ್ರಿಗೆ ನಿಜ, ಆದರೆ ನೀರಿನ ಜೊತೆ ಬೆರೆತಿರುವಾಗ ಅದು ಅಷ್ಟು ಸುಲಭಕ್ಕೆ ಹಾರಿಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ, ಕಲಸಿ 30 ನಿಮಿಷ ಬೇಯಿಸಿದರೆ ಸುಮಾರು 35% ಉಳಿಯುತ್ತದೆ. ಒಂದು ಗಂಟೆ ಬೇಯಿಸಿದರೂ 25%. ಕೇಕ್ ಒಲೆಯಲ್ಲಿರುವುದು ಹೆಚ್ಚುಕಡಿಮೆ ಇವೆರಡರ ನಡುವೆ.

ಲೆಕ್ಕ ಹಾಕಿದರೆ ಚೂರೇ ಚೂರು. 5% ಇರುವ 250 ಮಿಲಿ ಬಿಯರಿನಲ್ಲಿ ಆಲ್ಕೋಹಾಲ್ 12.5 ಮಿಲಿ. ಮೂರರಲ್ಲಿ ಒಂದು ಪಾಲು ಉಳಿಯಿತು ಅಂದುಕೊಂಡರೂ ಇಡೀ ಕೇಕಿಗೆ 4 ಮಿಲಿ ಆಸುಪಾಸು. ಒಂದು ತುಂಡಿನಿಂದ ಯಾರಿಗೂ ಅಮಲೇರಲ್ಲ. ಆದರೆ ಅವರು ಅಮಲಿನ ಬಗ್ಗೆ ಕೇಳಿದ್ದೇ ಅಲ್ಲವಲ್ಲ. ಬಿಡಲು ಅವರು ಎಷ್ಟು ಪಾಡು ಪಟ್ಟಿದ್ದರೋ, ಯಾರಿಗೆ ಮಾತು ಕೊಟ್ಟಿದ್ದರೋ. ಆ ಗೆರೆ ಎಲ್ಲಿರಬೇಕು ಅಂತ ಅವರೇ ಹೇಳಬೇಕು. ಕೇಕ್ ಮಾಡಿದವರು ಹೇಳುವುದಲ್ಲ.

ಬಿಯರ್ ಕೇಕ್ ಅಂದರೆ ನನಗೆ ಪ್ರಾಣ, ಅದನ್ನೂ ಹೇಳಿಬಿಡುತ್ತೇನೆ. ಬೆಣ್ಣೆ ಕರಗಿದ ಬಿಸಿ ಸ್ಟೌಟಿಗೆ ಕೋಕೋ ಪುಡಿ ಬಿದ್ದಾಗ ಏಳುವ ಘಮ ಬೇರೆ ಯಾವುದಕ್ಕೂ ಬರಲ್ಲ. ಸ್ಟೌಟಿನಲ್ಲಿ ಕಪ್ಪಗೆ ಹುರಿದ ಬಾರ್ಲಿ ಇರುತ್ತದೆ, ಆ ಹುರಿದ ಕಹಿ ಕೋಕೋದ ಕಹಿಗೆ ಸರಿಯಾದ ಜೋಡಿ. ಬಿಯರ್ ಸ್ವಲ್ಪ ಹುಳಿ, ಅಡುಗೆ ಸೋಡಾ ಸೇರಿದ ಕೂಡಲೇ ಹಿಟ್ಟು ಬುಸ್ಸೆಂದು ಉಬ್ಬುತ್ತದೆ. ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಜಾಸ್ತಿ ಇರುವ ಬಿಯರ್ ಮಾತ್ರ ಬೇಡ, ಆ ಕಹಿ ನಾಲಿಗೆ ಬಿಡಲ್ಲ. ಅಳೆಯುವಾಗ ನೊರೆ ಇಳಿಯುವ ತನಕ ಕಾಯಲೇಬೇಕು. ಈ ಸೂಕ್ಷ್ಮಗಳೆಲ್ಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ನನಗೆ ಬೇಜಾರು. ನೊರೆಗೆ ಕೊಟ್ಟಷ್ಟು ಗಮನವನ್ನು ತಿನ್ನುವವರಿಗೂ ಕೊಡಬಹುದಿತ್ತು, ಅಲ್ವಾ?

ಆ ಮನುಷ್ಯ ಮರು ಮಾತಾಡಲಿಲ್ಲ. ತಟ್ಟೆಯನ್ನು ಮೇಜಿನ ಅಂಚಿಗೆ ಸರಿಸಿ, "ರುಚಿ ಚೆನ್ನಾಗಿತ್ತು" ಅಂದರು. ಅಷ್ಟು ದೊಡ್ಡತನ ಎಲ್ಲರಿಗೂ ಬರಲ್ಲ. ನಮ್ಮಲ್ಲಿ "ಒಂಚೂರು ತಾನೇ, ಏನಾಗಲ್ಲ" ಅನ್ನುವವರು ಜಾಸ್ತಿ. ಉಪವಾಸ ಇದ್ದವರಿಗೂ ಅದೇ ಮಾತು, ಮೊಟ್ಟೆ ತಿನ್ನದವರಿಗೂ ಅದೇ, ಅಲರ್ಜಿ ಇದ್ದವರಿಗೂ ಅದೇ. ಪ್ರೀತಿಯಿಂದಲೇ ಒತ್ತಾಯ ಮಾಡುತ್ತೇವೆ. ಬೇಡ ಅಂದವರು ಕಾರಣ ವಿವರಿಸುತ್ತಾ ಕೂರಬೇಕು.

ನಿನ್ನೆ ಅವಳಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. "ಮೊದಲೇ ಹೇಳಿದರೆ ಯಾರು ತಿಂತಾರೆ?" ಅಂದಳು. ಬೇಕಾದವರು ತಿಂತಾರೆ, ನಾನಂತೂ ಮೊದಲು ಕೈ ಚಾಚುತ್ತೇನೆ ಅಂದೆ. ಸ್ವಲ್ಪ ಹೊತ್ತು ವಾದ ಮಾಡಿದಳು. ಆಮೇಲೆ, "ಹಾಗಾದರೆ ಬಿಯರ್ ಬದಲು ಏನು ಹಾಕಲಿ?" ಅಂತ ಕೇಳಿದಳು. ಬಿಯರಿನಷ್ಟೇ ಅಳತೆಯ ಗಟ್ಟಿ ಕಪ್ಪು ಕಾಫಿ, ಸೋಡಾಗೆ ಹುಳಿ ಬೇಕಲ್ಲ, ಅದಕ್ಕೆ ಒಂದೆರಡು ಚಮಚ ಮೊಸರು ಅಂದೆ. ಭಾನುವಾರ ಮಾಡಿ ನೋಡುತ್ತಾಳಂತೆ. ಅವರನ್ನೂ ಕರೆಯುತ್ತಾಳಂತೆ.