ನೋಟಿಸ್ ಕೊಟ್ಟಿದ್ದೆವು, ಡಿಸ್ಕ್ ಮನೆ ಬಿಟ್ಟಿರಲಿಲ್ಲ

ಪುಣೆಯ ಹಿಂಜವಡಿಯಲ್ಲಿ ನಮ್ಮ ತಂಡ ಗ್ರಾಹಕರ ವರ್ಚುವಲ್ ಮೆಷಿನ್‌ಗಳನ್ನು, ಅಂದರೆ ಸರ್ವರ್ ಒಳಗೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್‌ಗಳನ್ನು, ನೋಡಿಕೊಳ್ಳುತ್ತದೆ. ಅಡಿಯಲ್ಲಿರುವುದು ಅವನ್ನು ಓಡಿಸುವ ತಂತ್ರಾಂಶ, ಕ್ಯೂಎಮು. ಓಡುತ್ತಿರುವ ಮೆಷಿನ್‌ಗೆ ಡಿಸ್ಕ್ ಸೇರಿಸುವುದು, ತೆಗೆಯುವುದು ದಿನನಿತ್ಯದ ಕೆಲಸ. ಯಾವುದರಲ್ಲಿ ಏನಿದೆ ಎಂಬ ಲೆಕ್ಕವನ್ನು ನಾನು ಬರೆದ ಪ್ರೋಗ್ರಾಂ ಒಂದು ಟೇಬಲ್‌ನಲ್ಲಿ ಇಡುತ್ತಿತ್ತು.

ಒಂದು ರಾತ್ರಿ ಒಂದು ಮೆಷಿನ್ನನ್ನು ನಿಲ್ಲಿಸದೆಯೇ ಬೇರೆ ಸರ್ವರ್‌ಗೆ ಸಾಗಿಸಬೇಕಿತ್ತು. ಹಾಗೆ ಸಾಗಿಸಲು ಆಚೆ ಬದಿಯಲ್ಲಿಯೂ ಅವೇ ಸಾಧನಗಳಿರುವ ಮೆಷಿನ್ ಸಿದ್ಧವಾಗಿರಬೇಕು. ಟೇಬಲ್ ನೋಡಿಯೇ ಸಿದ್ಧಪಡಿಸಿದೆವು. ಸಾಗಣೆ ಮುರಿದುಬಿತ್ತು. ಈಚೆಯಿಂದ ಹೋದ ಮಾಹಿತಿಯಲ್ಲಿ ಆಚೆಯ ಮೆಷಿನ್‌ಗೆ ಗೊತ್ತೇ ಇಲ್ಲದ ಡಿಸ್ಕ್ ಒಂದಿತ್ತು. ಅಂದು ಸಂಜೆ ನಾನೇ ತೆಗೆದಿದ್ದ ಡಿಸ್ಕ್!

ಸಾಧನ ತೆಗೆಯುವ ‘ಡಿವೈಸ್ ಡೆಲ್’ ಆದೇಶಕ್ಕೆ ಕ್ಯೂಎಮು ಸರಿ ಎಂದರೆ ಬೇಡಿಕೆ ತಲುಪಿತು ಎಂದಷ್ಟೇ ಅರ್ಥ. ಒಳಗಿನ ಆಪರೇಟಿಂಗ್ ಸಿಸ್ಟಂ ಸಾಧನವನ್ನು ಬಿಟ್ಟುಕೊಡಬೇಕು; ಬಿಟ್ಟ ಮೇಲೆ ‘ಡಿವೈಸ್ ಡಿಲೀಟೆಡ್’ ಎಂಬ ಸೂಚನೆ ಬರುತ್ತದೆ. ನಾನು ಆದೇಶ ಕೊಟ್ಟಾಗ ಆ ಮೆಷಿನ್ ಇನ್ನೂ ಬೂಟ್ ಆಗುತ್ತಿತ್ತು. ಕೇಳಿಸಿಕೊಳ್ಳುವವರೇ ಒಳಗಿರಲಿಲ್ಲ. ನನ್ನ ಪ್ರೋಗ್ರಾಂ ಮಾತ್ರ ಆ ‘ಸರಿ’ಗೇ ಡಿಸ್ಕನ್ನು ಟೇಬಲ್‌ನಿಂದ ಅಳಿಸಿತ್ತು.

ಧಾರವಾಡದ ಹಿರಿಯ ಸಹೋದ್ಯೋಗಿಯೊಬ್ಬರು ಚಹಾ ಕುಡಿಯುತ್ತಾ ಹೇಳಿದರು: “ಮನೆ ಖಾಲಿ ಮಾಡಿ ಎಂದು ನೋಟಿಸ್ ಕೊಟ್ಟು, ಅದೇ ಸಂಜೆ ಹೊಸಬರಿಂದ ಡಿಪಾಸಿಟ್ ಇಸಿದುಕೊಂಡಿರಲ್ಲ, ಮಾರಾಯರೇ!” ವಾಕಡ್‌ನಲ್ಲಿ ಬಾಡಿಗೆ ಮನೆ ಹುಡುಕಿ ಸುಸ್ತಾಗಿದ್ದ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಮೂವತ್ತು ಸೆಕೆಂಡು ಕಾಯುವುದು, ಸೂಚನೆ ಬರದಿದ್ದರೆ ‘ತೆಗೆಯಲಾಗಲಿಲ್ಲ’ ಎಂದು ಬರೆದು ಮುಗಿಸುವುದು: ಇದು ನನ್ನ ಪರಿಹಾರ. ಜಾಣತನ ಎಂದುಕೊಂಡಿದ್ದೆ. ಮರುವಾರವೇ ಟೇಬಲ್‌ನಲ್ಲಿ ‘ಇದೆ’ ಎಂದಿದ್ದ ಡಿಸ್ಕ್ ಮೆಷಿನ್‌ನಲ್ಲಿ ಇರಲಿಲ್ಲ. ಗ್ರಾಹಕರು ರೀಬೂಟ್ ಮಾಡಿದ್ದರು. ಮೆಷಿನ್ ರೀಸೆಟ್ ಆದಾಗ ಬಾಕಿ ಉಳಿದ ತೆಗೆಯುವ ಬೇಡಿಕೆಗಳನ್ನು ಕ್ಯೂಎಮು ತಾನೇ ಪೂರೈಸಿಬಿಡುತ್ತದೆ. ಅದರ ಕೈಪಿಡಿಯಲ್ಲಿ ಒಂದೇ ಸಾಲಿನಲ್ಲಿ ಬರೆದಿರುವ ಸಂಗತಿ. ಆ ಸಾಲನ್ನು ನಾನು ಓದಿರಲಿಲ್ಲ.

ಈಗ ಟೇಬಲ್‌ನಲ್ಲಿ ‘ಇದೆ’, ‘ಇಲ್ಲ’ಗಳ ಜೊತೆ ‘ಕೇಳಿದ್ದೇವೆ’ (ಬಿಡಿ ಎಂದು ಕೇಳಿದ್ದೇವೆ, ಇನ್ನೂ ಬಿಟ್ಟಿಲ್ಲ) ಎಂಬ ಮೂರನೆಯ ಸ್ಥಿತಿ ಇದೆ. ಅದನ್ನು ಬದಲಿಸುವುದು ಗಡಿಯಾರವಲ್ಲ, ಕ್ಯೂಎಮುವಿನ ಸೂಚನೆ. 6.2ನೇ ಆವೃತ್ತಿಯಿಂದ, ಒಳಗಿನ ಸಿಸ್ಟಂ ಬಿಡುವುದಿಲ್ಲ ಎಂದು ತಿಳಿಸಿದರೆ ಅದಕ್ಕೂ ಬೇರೆ ಸೂಚನೆ ಇದೆ. ಸುಮ್ಮನೆ ಕುಳಿತವರಿಂದ ಮಾತ್ರ ಏನೂ ಬರುವುದಿಲ್ಲ. ನಮ್ಮ ಪ್ರೋಗ್ರಾಂ ಸಂಪರ್ಕದಲ್ಲಿ ಇಲ್ಲದಾಗ ಬಂದ ಸೂಚನೆಗಳು ಮತ್ತೆ ಸಿಗುವುದಿಲ್ಲವಾದ್ದರಿಂದ, ಸಂಪರ್ಕ ಮರಳಿದ ಕೂಡಲೇ ಇರುವ ಸಾಧನಗಳನ್ನೆಲ್ಲ ಹೊಸದಾಗಿ ಎಣಿಸಿ ಟೇಬಲ್ ತಿದ್ದುತ್ತೇವೆ.

ಗಣಪತಿ ಹಬ್ಬಕ್ಕೂ ಮುಂಚಿನಿಂದ ಒಂದು ಡಿಸ್ಕ್ ಇನ್ನೂ ‘ಕೇಳಿದ್ದೇವೆ’ ಎಂದೇ ಕುಳಿತಿದೆ. ಆ ಗ್ರಾಹಕರು ರೀಬೂಟ್ ಮಾಡುವ ಪೈಕಿಯೇ ಅಲ್ಲ.