ನಾದಿ ಯಾರು?

2023ರಲ್ಲಿ ಎರಡು ಶ್ರಾವಣ. ಅಧಿಕ ಶ್ರಾವಣ ಹೇಗೋ ಕಳೆಯಿತು, ನಿಜ ಶ್ರಾವಣ ಹಿಡಿಯುವ ಹೊತ್ತಿಗೆ ಮಳೆ ಕೈಕೊಟ್ಟಿತ್ತು. ಜುಲೈ ಕೊನೆಯಲ್ಲಿ ಸುರಿದದ್ದೇ ಸುರಿದದ್ದು, ಆಗಸ್ಟ್ ಪೂರ್ತಿ ಬಿಸಿಲು. ಶಿವಮೊಗ್ಗದಿಂದ ಆಯನೂರು ದಾಟಿ ಶಿಕಾರಿಪುರದ ಕಡೆಗೆ ಹೋಗುವಾಗ ಬಸ್ಸಿನ ಎರಡೂ ಬದಿಗೆ ಮೆಕ್ಕೆಜೋಳ ಗರಿ ಸುತ್ತಿಕೊಂಡು ನಿಂತಿತ್ತು. ನೀರು ಸಿಗದಿದ್ದರೆ ಜೋಳ ಹಾಗೆ ಎಲೆಯನ್ನು ಕೊಳವೆ ಮಾಡಿಕೊಳ್ಳುತ್ತದೆ. ಸಂಜೆ ತಂಪಿಗೆ ಬಿಚ್ಚಿಕೊಂಡರೆ ಇನ್ನೂ ಜೀವ ಇದೆ ಅಂತ ಲೆಕ್ಕ. ಆ ಸಂಜೆ ಬಿಚ್ಚಿಕೊಂಡಿರಲಿಲ್ಲ.

ನಾನು ಹೊರಟಿದ್ದು ಭಾರತ ಓದಲಿಕ್ಕೆ. ಹಿಂದಿನ ರಾತ್ರಿ ಮೇಷ್ಟ್ರು ಫೋನ್ ಮಾಡಿದ್ದರು. ನಮ್ಮ ಮೇಷ್ಟ್ರು ಕನ್ನಡ ಪಾಠ ಹೇಳಿ ನಿವೃತ್ತರಾದವರು, ಈಗ ಸುತ್ತಲಿನ ಊರುಗಳಲ್ಲಿ ಗಮಕಕ್ಕೆ, ಅಂದರೆ ರಾಗದಲ್ಲಿ ಕಾವ್ಯ ಓದುವುದಕ್ಕೆ, ವ್ಯಾಖ್ಯಾನ ಹೇಳುತ್ತಾರೆ. "ಇಲ್ಲಿ ಏಳು ದಿನ ವಿರಾಟಪರ್ವ ಇಟ್ಟುಕೊಂಡಿದ್ದಾರೆ. ನಾಲ್ಕು ದಿನ ಆಯ್ತು. ವಾಚನ ಮಾಡ್ತಿದ್ದವರಿಗೆ ಗಂಟಲು ಕಟ್ಟಿ ಸ್ವರಾನೇ ಹೊರಡ್ತಿಲ್ಲ. ಅರ್ಧಕ್ಕೆ ನಿಲ್ಲಿಸೋ ಹಾಗಿಲ್ಲ. ಉಳಿದ ಮೂರು ದಿನ ನೀನು ಬಂದು ಓದಮ್ಮ" ಅಂದರು. ನಾನು ಗಮಕ ಕಲಿಯಲು ಶುರುಮಾಡಿ ಐದು ವರ್ಷವಾಗಿತ್ತು. ಗುರುಗಳ ಮುಂದೆ ಓದಿದ್ದೆ, ಪರೀಕ್ಷೆಗೆ ಓದಿದ್ದೆ, ಊರ ಜನರ ಮುಂದೆ ಓದಿರಲಿಲ್ಲ. ಕಚೇರಿಗೆ ಮೂರು ದಿನ ರಜೆ ಹಾಕಿದೆ.

ಮಳೆ ಬರದ ವರ್ಷ ವಿರಾಟಪರ್ವ ಓದಿಸುವುದು ನಮ್ಮ ಕಡೆಯ ಹಳೆಯ ನಂಬಿಕೆ. ಪಾಂಡವರು ಅಜ್ಞಾತವಾಸದಲ್ಲಿದ್ದ ನಾಡಿನಲ್ಲಿ ಮಳೆ ಬೆಳೆಗೆ ಕೊರತೆ ಇರಲಿಲ್ಲವಂತೆ, ಅವರ ಕಥೆ ಓದಿದ ಊರಿಗೂ ಹಾಗೇ ಆಗಲಿ ಅಂತ. ಓದುವುದು ಕುಮಾರವ್ಯಾಸನನ್ನೇ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಅವನು ಬರೆದ ಎನ್ನುವ ಹತ್ತು ಪರ್ವಗಳ ಭಾರತ, ಸುಮಾರು 600 ವರ್ಷ ಕಳೆದರೂ ಜೋಳದ ಹೊಲದ ನಡುವಿನ ಆಂಜನೇಯನ ಗುಡಿಯಲ್ಲಿ ಜನರನ್ನು ಕೂರಿಸುತ್ತದೆ.

ಗಮಕ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಸಂಗೀತ ಕಚೇರಿಯಲ್ಲ. ತಾಳ ಇಲ್ಲ, ಸ್ವರ ಹಾಕುವುದಿಲ್ಲ, ಪಕ್ಕವಾದ್ಯ ಇಲ್ಲ. ಶ್ರುತಿಯೊಂದೇ. ರಾಗ ಉಂಟು, ಆದರೆ ರಾಗ ಪದ್ಯಕ್ಕೆ ದುಡಿಯಬೇಕು. ನಾವು ಹಾಡುವುದು ಅನ್ನುವುದಿಲ್ಲ, ಓದುವುದು, ವಾಚನ ಅನ್ನುತ್ತೇವೆ. ಒಬ್ಬರು ವಾಚನ ಮಾಡುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಓದುವವರ ದೊಡ್ಡ ಕೆಲಸ ಪದ ಬಿಡಿಸುವುದು. ಭಾಮಿನಿ ಷಟ್ಪದಿ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆ ಅಂತ ಓಡುತ್ತದೆ, ಮೂರನೆಯ, ಆರನೆಯ ಉದ್ದ ಸಾಲು ಬಿಟ್ಟರೆ ಹದಿನಾಲ್ಕು ಮಾತ್ರೆಗೆ ಸಾಲು ಮುಗಿಯುತ್ತದೆ. ಪದ ಮುಗಿದಿರುತ್ತದೆ ಅಂತೇನಿಲ್ಲ. ಒಂದು ಅಕ್ಷರ ಮೇಲಿನ ಸಾಲಿನಲ್ಲಿ, ಮಿಕ್ಕದ್ದು ಕೆಳಗೆ. ಸಾಲು ಕಂಡಲ್ಲಿ ಉಸಿರು ಬಿಟ್ಟರೆ ಅರ್ಥ ಮುರಿದು ಬೀಳುತ್ತದೆ. ಅದಕ್ಕೇ ಒಂದೇ ಸಾಲನ್ನು ಎರಡು ಸಲ, ಮೂರು ಸಲ, ಬೇರೆ ಬೇರೆ ಕಡೆ ಒತ್ತಿ ಓದುತ್ತೇವೆ. ಅರ್ಧ ಅರ್ಥ ಅಲ್ಲೇ ತಿಳಿಯಬೇಕು, ಉಳಿದರ್ಧಕ್ಕೆ ವ್ಯಾಖ್ಯಾನಕಾರರು.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ. ತುಂಗೆಯ ಒಂದು ದಡಕ್ಕೆ ಮತ್ತೂರು, ಎದುರು ದಡಕ್ಕೆ ಹೊಸಹಳ್ಳಿ. ಮತ್ತೂರಿಗೆ ಸಂಸ್ಕೃತದ ಹೆಸರು, ಹೊಸಹಳ್ಳಿಗೆ ಗಮಕದ ಹೆಸರು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅವರ ವಾಚನಕ್ಕೆ ಮತ್ತೂರು ಕೃಷ್ಣಮೂರ್ತಿಯವರ ವ್ಯಾಖ್ಯಾನ ಸೇರಿದ್ದನ್ನು ಕೇಳಿ ಬೆಳೆದವರು ಶಿವಮೊಗ್ಗದಲ್ಲಿ ಇವತ್ತಿಗೂ ಬೀದಿಗೊಬ್ಬರಾದರೂ ಸಿಗುತ್ತಾರೆ. ಅಂಥ ಕಿವಿಗಳ ಮುಂದೆ ಕೂರುವುದು ಅಂದರೆ ಭಯವೇ.

ಏಳೂವರೆಗೆ ಡೈರಿಗೆ ಹಾಲು ಹಾಕಿ ಜನ ಬರತೊಡಗಿದರು. ಗಂಡಸರು ಬಾಗಿಲ ಎಡಕ್ಕೆ, ಹೆಂಗಸರು ಕಂಬದಿಂದ ಆಚೆಗೆ, ಮಕ್ಕಳು ಎಲ್ಲೆಂದರಲ್ಲಿ. ನಾಲ್ಕು ದಿನದಲ್ಲಿ ಪ್ರತಿಯೊಬ್ಬರಿಗೂ ಅವರವರ ಜಾಗ ಗೊತ್ತಾಗಿತ್ತು. ಕಂಬಕ್ಕೆ ಒರಗಿ ಒಬ್ಬ ಅಜ್ಜಿ ಕೂತಿದ್ದರು, ತೊಡೆ ಮೇಲೆ ನಾಲ್ಕೈದು ವರ್ಷದ ಮೊಮ್ಮಗ. ನಮಗೆ ಒಂದು ಜಮಖಾನ, ಪುಸ್ತಕಕ್ಕೆ ವ್ಯಾಸಪೀಠ, ಮೆಣಸು ಹಾಕಿ ಕಾಯಿಸಿದ ಒಂದು ಚೊಂಬು ನೀರು. ಮೇಷ್ಟ್ರು ಶ್ರುತಿಪೆಟ್ಟಿಗೆ ಹಚ್ಚಿದರು.

ಕಥೆಗೆ ಮುಂಚೆ ಒಂದು ಸ್ತುತಿ ಓದಬೇಕು. ನಾನು ಆರಿಸಿಕೊಂಡದ್ದು "ವೇದಪುರುಷನ ಸುತನ ಸುತನ" ಅಂತ ಶುರುವಾಗುವ ಒಗಟಿನ ಪದ್ಯ. ಕುಮಾರವ್ಯಾಸ ಅಲ್ಲಿ ಕೃಷ್ಣನ ಹೆಸರು ಹೇಳದೆ ನೆಂಟಸ್ತನ ಹಿಡಿದುಕೊಂಡು ಹೋಗುತ್ತಾನೆ. ವಿಷ್ಣುವಿನಿಂದ ಹೊರಟು ಬ್ರಹ್ಮ, ಋಷಿಗಳು, ಇಂದ್ರ ಅಂತ ಇಳಿದು ಅರ್ಜುನನ ಹತ್ತಿರ ಬರುತ್ತದೆ. ಅಲ್ಲಿಂದ ಮುಂದೆ,

ಳೋದರಿಯ ಮಾತುಳನ ಮಾವನನತುಳಭುಜಬಲದಿ
ಕಾದಿ ಗೆಲಿದನನಣ್ಣನವ್ವೆಯ
ನಾದಿನಿಯ ಜಠರದಲಿ ಜನಿಸಿದ
ನಾದಿಮೂರುತಿ ಸಲಹೊ ಗದುಗಿನ ವೀರನಾರಯಣ

ಮೊದಲ ಸಾಲಿನ 'ಳೋದರಿ'ಗೆ ತಲೆ ಹಿಂದಿನ ಸಾಲಿನಲ್ಲಿದೆ, 'ತಳೋದರಿ', ತೆಳು ಹೊಟ್ಟೆಯವಳು. ಅದರ ಹಿಂದೆ 'ಸಹೋದರ' ಕೂಡ ಹಾಗೇ ತುಂಡಾಗಿದೆ. ಇವೆಲ್ಲ ಗೊತ್ತಿದ್ದ ಅಪಾಯಗಳು, ಹುಷಾರಾಗಿ ಬಿಡಿಸಿದೆ. ನಾಟ ರಾಗದಲ್ಲಿ ಸ್ವರ ಚೆನ್ನಾಗಿ ಹೊಂದಿತ್ತು. ಮೇಷ್ಟ್ರು ಒಗಟು ಬಿಡಿಸಲು ಜನರನ್ನೇ ಕೇಳತೊಡಗಿದರು. "ಅರ್ಜುನನ ಹೆಂಡತಿ ಯಾರು? ಇಲ್ಲಿ ದ್ರೌಪದಿ ಅಲ್ಲ." ಹೆಂಗಸರ ಕಡೆಯಿಂದ "ಸುಭದ್ರೆ." "ಸುಭದ್ರೆಗೆ ಸೋದರಮಾವ?" "ಕಂಸ." "ಕಂಸನಿಗೆ ಹೆಣ್ಣು ಕೊಟ್ಟ ಮಾವ?" ಒಂದು ಕ್ಷಣ ಯಾರೂ ಹೇಳಲಿಲ್ಲ, ಆಮೇಲೆ ಮೂಲೆಯಿಂದ "ಜರಾಸಂಧ." "ಅವನನ್ನು ಕಾದಿ ಗೆದ್ದವನು?" ಮಕ್ಕಳೆಲ್ಲ ಒಟ್ಟಿಗೆ, "ಭೀಮ!" ಭೀಮನ ಅಣ್ಣ ಧರ್ಮರಾಯ, ಅವನವ್ವೆ ಕುಂತಿ, ಕುಂತಿಯ ನಾದಿನಿ ದೇವಕಿ, ದೇವಕಿಯ ಹೊಟ್ಟೆಯಲ್ಲಿ ಹುಟ್ಟಿದವನು ಕೃಷ್ಣ. ಗುಡಿಯೊಳಗೆ ಒಂದು ಸಂತೋಷ ಓಡಾಡಿತು.

ಆಮೇಲೆ ಉತ್ತರನ ಕಥೆ. ಹೆಂಗಸರ ನಡುವೆ ಕೂತು, ಭೀಷ್ಮ ಯಾವ ಲೆಕ್ಕ, ದ್ರೋಣ ಯಾವ ಲೆಕ್ಕ ಅಂತ ಅವನು ಕೊಚ್ಚಿಕೊಳ್ಳುವುದನ್ನು ಓದಿದರೆ ನಗದವರಿಲ್ಲ. 'ಉತ್ತರನ ಪೌರುಷ' ಅನ್ನುವ ಮಾತು ದಿನಾ ಆಡುವವರಿಗೆ ಅದು ಹುಟ್ಟಿದ ಜಾಗ ಸಿಕ್ಕರೆ ಆಗುವ ಖುಷಿಯೇ ಬೇರೆ. ಎರಡು ಗಂಟೆ ಹೋದದ್ದು ತಿಳಿಯಲಿಲ್ಲ.

ಮಂಗಳ ಮುಗಿದು ಕಡಲೆ ಉಸಲಿ ಹಂಚುತ್ತಿದ್ದಾಗ ಕಂಬದ ಅಜ್ಜಿ ನನ್ನ ಹತ್ತಿರ ಬಂದು ಕೂತರು.

"ಅಲ್ಲ ತಾಯೀ, ಒಂದು ಕೇಳ್ಲಾ?"

"ಕೇಳಿ ಅಜ್ಜೀ."

"ನಾದಿನಿ ಅಂದ್ರೆ ನಂಗೊತ್ತು. ನಂಗೂ ಇಬ್ರು ನಾದಿನೀರು. ನಾದಿ ಅಂತ ಓದಿದ್ರಲ್ಲ, ನಾದಿ ಅಂದ್ರೆ ಯಾರು?"

ತಪ್ಪು ತೋರಿಸಲು ಕೇಳಿದ್ದಲ್ಲ. ಅವರಿಗೆ ನಿಜಕ್ಕೂ ತಿಳಿಯಬೇಕಿತ್ತು. ಇಷ್ಟು ಹೊತ್ತು ಅಷ್ಟೆಲ್ಲ ನೆಂಟರ ಲೆಕ್ಕ ಬಿಡಿಸಿದ್ದೇವೆ, ಇದೊಬ್ಬರು ಉಳಿದರಲ್ಲ ಅಂತ ಅವರ ಮನಸ್ಸು. ನಾನು ಪುಸ್ತಕ ತೆಗೆದು ನೋಡಿದೆ. 'ಜನಿಸಿದ' ಅನ್ನುವಲ್ಲಿ ಸಾಲು ಮುಗಿಯುತ್ತದೆ. 'ಸ' ಅಂತಲೋ 'ತ' ಅಂತಲೋ ತುಂಡಕ್ಷರ ಇದ್ದಲ್ಲಿ ಎಚ್ಚರವಾಗಿದ್ದವಳು, ಇಲ್ಲಿ ಪೂರಾ ಪದ ಕಂಡು ಉಸಿರು ಬಿಟ್ಟಿದ್ದೆ. ಉಸಿರು ತೆಗೆದುಕೊಂಡು "ನಾದಿಮೂರುತಿ" ಅಂದಿದ್ದೆ. ಎರಡು ಸಲ ಓದಿದ್ದೆ, ಎರಡು ಸಲವೂ ಹಾಗೇ. ಅದು 'ಜನಿಸಿದ ಅನಾದಿಮೂರುತಿ'. ಆ ಅಕಾರ ಲೋಪವಾಗಿ ಸಂಧಿಯೊಳಗೆ ಸೇರಿಹೋಗಿದೆ. ಪ್ರಾಸಕ್ಕೆ ನಾದಿನಿಯ ಕೆಳಗೆ ನಾದಿ ಸರಿಯಾಗಿ ಬಂದು ಕೂತಿದೆ, ಕಣ್ಣಿಗೆ ಚೆಂದ. ಕಿವಿಗೆ ಹಾಗೆ ಬಿಟ್ಟುಕೊಟ್ಟರೆ ಪದ್ಯದ ಪ್ರಾಣವೇ ಹೋಯಿತು. ಅಷ್ಟು ಉದ್ದದ ವಂಶಾವಳಿ ಹೇಳಿದ್ದೇ ಈ ಒಂದು ಪದಕ್ಕೆ. ಅಪ್ಪ ಅಮ್ಮ ಅತ್ತೆ ಮಾವ ನಾದಿನಿ ಎಲ್ಲ ಇರುವವನು, ಆದಿಯೇ ಇಲ್ಲದವನು.

ನಾನು ಅಜ್ಜಿಯ ಕೈ ಹಿಡಿದು, "ನಾದಿ ಅಂತ ಯಾರೂ ಇಲ್ಲ ಅಜ್ಜೀ. ನಾನು ತಪ್ಪು ಓದಿದೆ. ನಾಳೆ ಸರಿಯಾಗಿ ಓದ್ತೀನಿ, ಕೇಳಿ" ಅಂದೆ. "ನಾಳೆನೂ ಅದೇ ಪದ್ಯ ಐತಾ? ಹಂಗಾರೆ ಬೇಗ ಬರ್ತೀನಿ" ಅಂದರು.

ರಾತ್ರಿ ಮೇಷ್ಟ್ರ ನೆಂಟರ ಮನೆಯಲ್ಲಿ ಉಳಿದಿದ್ದೆ. ನಿದ್ದೆ ಹತ್ತಲಿಲ್ಲ. ಪದ್ಯ ತಪ್ಪಿದ ಸಂಕಟ ಇತ್ತು, ಅದಕ್ಕಿಂತ ಹೆಚ್ಚಾಗಿ ಆ ಕೇಳುವಿಕೆಯೇ ಕಾಡಿತು. ಹತ್ತು ವರ್ಷದಿಂದ ನಾನು ಕವಿಗೋಷ್ಠಿಗಳಿಗೆ ಹೋಗುತ್ತಿದ್ದೇನೆ. ತಾಲ್ಲೂಕು ಸಮ್ಮೇಳನ, ಜಿಲ್ಲಾ ಸಮ್ಮೇಳನ, ದಸರೆ, ಯುಗಾದಿ, ರಾಜ್ಯೋತ್ಸವ. ಮೂವತ್ತು ನಲವತ್ತು ಕವಿಗಳು, ತಲೆಗೆ ಮೂರು ನಿಮಿಷ. ಓದುತ್ತಿರುವಾಗಲೇ ನಿರೂಪಕರ ಚೀಟಿ ಬರುತ್ತದೆ, ಬೇಗ ಮುಗಿಸಿ ಅಂತ. ಮುಂದಿನ ಸಾಲಿನಲ್ಲಿ ಕೂತವರು ತಮ್ಮ ಸರದಿಗೆ ಕಾಯುವ ಕವಿಗಳೇ. ಅವರ ಕಣ್ಣು ಅವರವರ ಹಾಳೆ ಮೇಲೆ. ಓದಿ ಇಳಿದರೆ ಶಾಲು, ಸ್ಮರಣಿಕೆ, ಫೋಟೊ, "ಚೆನ್ನಾಗಿತ್ತು". ಇಷ್ಟು ವರ್ಷದಲ್ಲಿ ನನ್ನ ಕವಿತೆಯ ಒಂದು ಪದ ಹಿಡಿದು ಇದು ಯಾರು, ಇದು ಏನು ಅಂತ ಒಬ್ಬರೂ ಕೇಳಿರಲಿಲ್ಲ. ಕೇಳುವವರನ್ನು ದೂರಿ ಪ್ರಯೋಜನವಿಲ್ಲ. ಮೂರು ನಿಮಿಷದಲ್ಲಿ ಎರಡು ಕವಿತೆ ತುರುಕಿ, ಒಂದೇ ಓಟದಲ್ಲಿ ಓದಿ ಇಳಿದರೆ ಯಾರ ಕಿವಿಯಲ್ಲಿ ಏನು ನಿಂತೀತು? ಒಂದೇ ಕವಿತೆಯನ್ನು ನಿಧಾನವಾಗಿ ಎರಡು ಸಲ ಓದಲಿ, ನಲವತ್ತರ ಬದಲು ಹತ್ತು ಜನ ಓದಲಿ. ಸಂಘಟಕರ ಕಷ್ಟ ನನಗೆ ಗೊತ್ತು. ಹೆಸರು ಬಿಟ್ಟುಹೋದ ಕವಿಗಳು ಮುನಿಸಿಕೊಳ್ಳುತ್ತಾರೆ. ಆದರೂ ಹೇಳುತ್ತೇನೆ, ಕವಿತೆ ಉಳಿಯಬೇಕಾದರೆ ಈ ಮುನಿಸು ತಡೆದುಕೊಳ್ಳಬೇಕು.

ಮಾರನೆಯ ದಿನ ಅಜ್ಜಿ ಏಳಕ್ಕೇ ಬಂದು ಕಂಬ ಹಿಡಿದಿದ್ದರು. ಅದೇ ಪದ್ಯ ಎತ್ತಿಕೊಂಡೆ. "ಜಠರದಲಿ" ಅನ್ನುವಲ್ಲಿ ಉಸಿರು ತೆಗೆದುಕೊಂಡು "ಜನಿಸಿದನಾದಿಮೂರುತಿ" ಒಂದೇ ಎಳೆಯಲ್ಲಿ ತಂದೆ. ಎರಡನೆಯ ಸಲ ಬಿಡಿಸಿದೆ: "ಜನಿಸಿದ... ಅನಾದಿ... ಅನಾದಿಮೂರುತಿ". ಮೂರನೆಯ ಸಲ ಮತ್ತೆ ಕೂಡಿಸಿದೆ. ಮೇಷ್ಟ್ರು ಬಾಯಿ ತೆರೆಯುವ ಮುಂಚೆ ಅಜ್ಜಿ ಪಕ್ಕದವರಿಗೆ ಹೇಳುತ್ತಿದ್ದದ್ದು ಕೇಳಿಸಿತು, "ಹುಟ್ಟೇ ಇಲ್ದೋನು ಹುಟ್ಟಿದ ಅಂತ." ಮೇಷ್ಟ್ರು ನಕ್ಕು, "ಆಯ್ತಲ್ಲ, ನನ್ನ ಕೆಲಸ ಅಜ್ಜಿಯೇ ಮಾಡಿದರು" ಅಂದು ಕಥೆಗೆ ಹೋದರು.

ಅವತ್ತು ಶಮೀವೃಕ್ಷದ ಭಾಗ. ಬೃಹನ್ನಳೆ ತಾನು ಯಾರೆಂದು ಉತ್ತರನಿಗೆ ಹೇಳಿ ತನ್ನ ಹತ್ತು ಹೆಸರು ಹೇಳುವ ಕಡೆ, ನಾನು ಓದುತ್ತಿದ್ದಂತೆ ಹಿರಿಯರು ಕೆಲವರು ಮೆಲ್ಲಗೆ ಸೇರಿಕೊಂಡರು. ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ. ಗುಡುಗು ಸಿಡಿಲು ಬಂದಾಗ ಜಪಿಸುವ ಹೆಸರುಗಳು ಇವು. ನನ್ನಜ್ಜಿಯೂ ಸಿಡಿಲಿಗೆ ಇದನ್ನೇ ಹೇಳುತ್ತಿದ್ದರು. ಆ ಆಗಸ್ಟ್‌ನಲ್ಲಿ ಗುಡುಗು ಕೇಳಿ ಎಷ್ಟು ದಿನವಾಗಿತ್ತೋ, ಆದರೂ ಹೆಸರುಗಳು ಎಲ್ಲರ ಬಾಯಲ್ಲಿದ್ದವು. ಓದುತ್ತಾ ನನ್ನ ಕಣ್ಣು ತುಂಬಿ ಅಕ್ಷರ ಮಸುಕಾಯಿತು. ಹೆಸರುಗಳು ನನಗೂ ಬಾಯಿಗೆ ಬರುತ್ತಿದ್ದುದರಿಂದ ವಾಚನ ನಿಲ್ಲಲಿಲ್ಲ.

ಕೊನೆಯ ದಿನ ಉತ್ತರೆ ಅಭಿಮನ್ಯುವಿನ ಮದುವೆ. ಕಥೆಯ ಮದುವೆಗೆ ಊರವರು ನಿಜವಾದ ಮದುವೆಯ ಹಾಗೆ ಬಂದರು. ಹೆಂಗಸರು ರೇಷ್ಮೆ ಸೀರೆ ಉಟ್ಟಿದ್ದರು, ಹೂವು, ವೀಳ್ಯದೆಲೆ, ಅಡಿಕೆ ತಂದಿದ್ದರು. ಯಾರೋ ಅಕ್ಷತೆ ಹಂಚಿದರು, ಮದುವೆಯ ಪದ್ಯಕ್ಕೆ ಎಲ್ಲರೂ ಪುಸ್ತಕದ ಮೇಲೆ ಅಕ್ಷತೆ ಹಾಕಿದರು. ಮಧ್ಯಮಾವತಿಯಲ್ಲಿ ಮಂಗಳ ಓದಿ ಪುಸ್ತಕ ಮುಚ್ಚಿದಾಗ ಪುಟಗಳ ಸಂದಿಯಲ್ಲೆಲ್ಲ ಅಕ್ಕಿ ಕಾಳು.

ಮಳೆ ಬರಲಿಲ್ಲ. ಹೊರಗೆ ಬಂದು ಎಲ್ಲರೂ ಒಮ್ಮೆ ಮೇಲೆ ನೋಡಿದರು, ಮೋಡ ಇತ್ತು, ಹನಿಯಲಿಲ್ಲ. ಸೆಪ್ಟೆಂಬರ್ ನಡುವಿಗೆ ಸರ್ಕಾರ ರಾಜ್ಯದ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿತು. ಆ ರಾತ್ರಿ ಗುಡಿಯ ಮುಂದೆ ನಿಂತಿದ್ದವರ ಬಾಯಲ್ಲಿ, ಓದಿಸಿದ್ದು ದಂಡವಾಯಿತು ಅನ್ನುವ ಮಾತು ನಾನು ಕೇಳಲಿಲ್ಲ. ಬರುವ ವರ್ಷ ಯಾವ ಪರ್ವ ಇಡಬೇಕು ಅಂತ ಮಾತಾಡಿಕೊಳ್ಳುತ್ತಿದ್ದರು. ಒಬ್ಬರು ಕರ್ಣಪರ್ವ ಅಂದರು, ಇನ್ನೊಬ್ಬರು ಕರ್ಣ ಸಾಯುವುದನ್ನು ತಮ್ಮಿಂದ ಕೇಳಲಾಗುವುದಿಲ್ಲ ಅಂದರು.

ಅಜ್ಜಿ ಪಾಯಸದ ಲೋಟ ಕೆಳಗಿಟ್ಟು, ನಿದ್ದೆ ಹೋಗಿದ್ದ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡರು. "ಬರ್ತೀನಿ ತಾಯೀ" ಅಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದರು. "ಅಲ್ಲ, ಆ ತಳೋದರಿ ಅಂದ್ರಲ್ಲ. ಸುಭದ್ರೆಗೆ ಹಂಗ್ಯಾಕಂದ?"

ನಾನು ಮತ್ತೆ ಜಗಲಿ ಮೇಲೆ ಕೂತೆ. ಅಜ್ಜಿಯೂ ಕೂತರು.