20ನೇ ತಾರೀಖು ಕಳೆಯಲಿ

ಪೀಣ್ಯದ ಒಂದು ಕಾರ್ಖಾನೆಯವರು ನನ್ನನ್ನು ಸಂದರ್ಶನಕ್ಕೆ ಕರೆದಿದ್ದು ತಿಂಗಳ 17ನೇ ತಾರೀಖು. ಅಕೌಂಟ್ಸ್ ಕೆಲಸಕ್ಕೆ. ಈ ಕಸುಬಿನವರು ಯಾರಾದರೂ ಓದುತ್ತಿದ್ದರೆ ಇಲ್ಲೇ ನಕ್ಕಿರುತ್ತಾರೆ. 20ಕ್ಕೆ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ಲೆಕ್ಕದ ರಿಟರ್ನ್ ಹಾಕಬೇಕು, ಅದರ ಹೊಸ್ತಿಲಲ್ಲಿ ಹೊಸಬರನ್ನು ಕೂರಿಸಿಕೊಂಡು ಮಾತಾಡಲು ಯಾರಿಗೆ ಪುರುಸೊತ್ತಿರುತ್ತೆ? ಬಹುಶಃ ಕೆಲಸ ತಲೆ ಮೇಲೆ ಬಂದಾಗಲೇ ಜನ ಸಾಲದು ಅಂತ ನೆನಪಾಗುವುದು.

ತುಮಕೂರಿನಲ್ಲಿ ಬಸ್ಸು ಹತ್ತಿ ಜಾಲಹಳ್ಳಿ ಕ್ರಾಸ್‌ನಲ್ಲಿ ಇಳಿದೆ. ಅಲ್ಲಿಂದ ಲಾರಿಗಳ ನಡುವೆ ನಡಿಗೆ. ಅಕೌಂಟ್ಸ್ ಮ್ಯಾನೇಜರ್ ವಯಸ್ಸಾದವರು. ಮೇಜಿನ ತುಂಬ ಬಿಲ್ಲಿನ ಕಟ್ಟುಗಳು, ಪಕ್ಕದಲ್ಲಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆದೇ ಇತ್ತು. 'ನಿಮ್ಮ ಬಗ್ಗೆ ಹೇಳಿ' ಅನ್ನುವ ಪುರಾಣ ಇಲ್ಲ. ನೇರ ವಿಷಯಕ್ಕೇ ಬಂದರು.

"ಮಾಲು ಬಂದಿದೆ, ಬಿಲ್ ಇದೆ, ದುಡ್ಡೂ ಕೊಟ್ಟಾಗಿದೆ. 2ಬಿಯಲ್ಲಿ ಮಾತ್ರ ಆ ಬಿಲ್ ಇಲ್ಲ. ಏನ್ ಮಾಡ್ತೀರಿ?"

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್‌ಗಳೆಲ್ಲ ಸೇರಿ ಪ್ರತಿ ತಿಂಗಳ 14ಕ್ಕೆ ಕೊಂಡವರ ಹೆಸರಿನಲ್ಲಿ ಒಂದು ಪಟ್ಟಿ ತಯಾರಾಗುತ್ತೆ. ಅದೇ ಜಿಎಸ್‌ಟಿಆರ್-2ಬಿ. ಅದರಲ್ಲಿ ಬರದ ಬಿಲ್‌ನ ತೆರಿಗೆಗೆ ಕ್ರೆಡಿಟ್ ತೆಗೆದುಕೊಳ್ಳುವ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟನ್ನು ಕಳೆದುಕೊಳ್ಳುವ ಹಾಗಿಲ್ಲ. 2022ರ ಜನವರಿಯಿಂದ ಇದು ಕಟ್ಟುನಿಟ್ಟು. ಮಾರಿದವರು ಮರೆತರೆ ಕೈಯಿಂದ ಹೋಗುವುದು ಕೊಂಡವರ ದುಡ್ಡು.

"ಈ ತಿಂಗಳು ಕ್ರೆಡಿಟ್ ತಗೊಳಲ್ಲ ಸರ್. ಮೊದ್ಲು ಆ ಸಪ್ಲೈಯರ್..." ಅನ್ನುವಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಹೊಸೂರಿನ ಹತ್ತಿರ ಗಾಡಿ ಕೆಟ್ಟು, ಮಾಲನ್ನು ಬೇರೆ ಗಾಡಿಗೆ ಹಾಕಿದ್ದಾರೆ. ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್‌ನಲ್ಲಿ ಹಳೇ ಗಾಡಿಯ ನಂಬರೇ ಇದೆ. ಅಧಿಕಾರಿಗಳು ನಿಲ್ಲಿಸಿದ್ದಾರೆ. "ಪಾರ್ಟ್ ಬಿ ಅಪ್‌ಡೇಟ್ ಮಾಡಿಲ್ವೇನೋ ಮಾರಾಯ!" ಅಂತ ಕೂಗುತ್ತಾ ಎದ್ದು ಹೋದರು. ತುಂಬಾ ಹೊತ್ತಾದ ಮೇಲೆ ಬೆವರು ಒರೆಸಿಕೊಂಡು ಬಂದು, "ವ್ಯಾಟ್ ಇದ್ದಾಗ ಇ-ಸುಗಮ್ ಎಷ್ಟೋ ವಾಸಿಯಾಗಿತ್ತು" ಅಂತ ತಮಗೆ ತಾವೇ ಗೊಣಗಿಕೊಂಡರು. ಜಿಎಸ್‌ಟಿ ಬರುವ ಮೊದಲು ಕರ್ನಾಟಕದಲ್ಲಿ ಇದೇ ಕೆಲಸಕ್ಕೆ ಇದ್ದ ವ್ಯವಸ್ಥೆ ಅದು. ಆಮೇಲೆ ನನ್ನ ಕಡೆ ನೋಡಿ, "ಸರಿ, ಒಂದು ವಾರದಲ್ಲಿ ಹೇಳ್ತೀವಿ" ಅಂದರು. ಅಷ್ಟೇ. ನನ್ನ ಉತ್ತರ ಅರ್ಧಕ್ಕೇ ನಿಂತಿತು.

ನೆಲಮಂಗಲದ ಟೋಲ್‌ನಲ್ಲಿ ಬಸ್ಸು ನಿಂತಾಗ ಫೋನ್‌ನಲ್ಲೇ ಪತ್ರ ಶುರು ಮಾಡಿದೆ. ಸಂದರ್ಶನ ಆದ ದಿನವೇ ಧನ್ಯವಾದದ ಪತ್ರ ಬರೆಯಬೇಕು ಅಂತ ಕಾಲೇಜಿನ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ನಮೂನೆಯನ್ನೂ ಕೊಟ್ಟಿದ್ದರು. ತಮ್ಮ ಪ್ರತಿಷ್ಠಿತ ಸಂಸ್ಥೆಯ ದೂರದೃಷ್ಟಿ ನನ್ನ ಮನಸೆಳೆಯಿತು ಅಂತೆಲ್ಲ ಇತ್ತು ಅದರಲ್ಲಿ. ಲಾರಿ ಹಿಡಿದಿಟ್ಟಿದ್ದಾರೆ ಅಂತ ಬೆವರುತ್ತಿದ್ದವರಿಗೆ ದೂರದೃಷ್ಟಿಯ ಮಾತು ಹೇಳಿದರೆ ಬೈಯಲ್ವಾ?

ಮನೆಯಲ್ಲಿ ಅಪ್ಪನ ತಕರಾರು ಬೇರೆ. ಅವರು ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. "ಕೆಲಸ ಕೊಟ್ಟ ಮೇಲೆ ಥ್ಯಾಂಕ್ಸ್ ಹೇಳೋದು. ಈಗ್ಲೇ ಹೇಳಿದ್ರೆ ಹಲ್ಲು ಗಿಂಜಿದ ಹಾಗೆ" ಅಂದರು. ಬರೆಯುವುದೇ ಆದರೆ 'ಇವರಿಂದ, ಇವರಿಗೆ, ಮಾನ್ಯರೇ, ವಿಷಯ' ಅಂತ ಕ್ರಮವಾಗಿ ಬರೆದು, ಕೊನೆಗೆ 'ತಮ್ಮ ವಿಶ್ವಾಸಿ' ಹಾಕು ಅಂತ ತಿದ್ದುಪಡಿ. ಅವರ ಮಾತಲ್ಲೂ ಹುರುಳಿತ್ತು. ಹೇಳುವುದಕ್ಕೆ ಏನೂ ಇಲ್ಲದೆ ಸುಮ್ನೆ ಧನ್ಯವಾದ ಅಂದರೆ ಅದು ಹಲ್ಲು ಗಿಂಜಿದ ಹಾಗೇ. ಆದರೆ ನನ್ನ ಹತ್ತಿರ ಅರ್ಧ ಉತ್ತರ ಬಾಕಿ ಇತ್ತಲ್ಲ!

ಇಂಗ್ಲಿಷಿನಲ್ಲಿ ಕಳಿಸಿದ್ದು ಹೆಚ್ಚುಕಡಿಮೆ ಹೀಗಿತ್ತು:

"ಸರ್, ಇವತ್ತು ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ಹೊಸೂರಿನ ಗಾಡಿ ಬಿಟ್ಟಿದ್ದಾರೆ ಅಂದುಕೊಂಡಿದ್ದೇನೆ. 2ಬಿ ಪ್ರಶ್ನೆಗೆ ಉತ್ತರ ಪೂರ್ತಿಯಾಗಿರಲಿಲ್ಲ. ಆ ಸಪ್ಲೈಯರ್ ತಿಂಗಳಿಗೊಮ್ಮೆ ರಿಟರ್ನ್ ಹಾಕುವವರೋ, ಮೂರು ತಿಂಗಳಿಗೊಮ್ಮೆಯೋ ಅಂತ ಮೊದಲು ನೋಡುತ್ತೇನೆ. ಮೂರು ತಿಂಗಳಿನವರಾದರೆ 13ರೊಳಗೆ ಐಎಫ್‌ಎಫ್‌ನಲ್ಲಿ ಬಿಲ್ ಹಾಕಿಸುತ್ತೇನೆ. 2ಬಿಗೆ ಬರುವವರೆಗೆ ಆ ಕ್ರೆಡಿಟ್ ಬಾಕಿ ಇಡುತ್ತೇನೆ. ಅವರ ಮುಂದಿನ ಪೇಮೆಂಟ್‌ನಲ್ಲಿ ತೆರಿಗೆಯಷ್ಟು ಹಣ ತಡೆಹಿಡಿಯಬೇಕೇ ಅಂತ ನಿಮ್ಮನ್ನು ಕೇಳುತ್ತೇನೆ."

ಐಎಫ್‌ಎಫ್ ಮಾತು ಬೇಕೆಂದೇ ಹಾಕಿದ್ದು. ಪೀಣ್ಯದಲ್ಲಿ ಜಾಬ್‌ವರ್ಕ್ ಮಾಡಿಕೊಡುವ ಸಣ್ಣ ಶೆಡ್‌ಗಳು ಬೇಕಾದಷ್ಟಿವೆ. ವರ್ಷದ ವಹಿವಾಟು 5 ಕೋಟಿ ದಾಟದಿದ್ದರೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬಹುದು. ರಿಟರ್ನ್‌ಗೆ ಕಾಯದೆ ನಡುವಿನ ತಿಂಗಳ ಬಿಲ್‌ಗಳನ್ನು ತೋರಿಸಲು ಅವರಿಗಿರುವ ದಾರಿಯೇ ಐಎಫ್‌ಎಫ್. ಅಂಥವರ ಬಿಲ್ 2ಬಿಯಲ್ಲಿ ಕಾಣಲಿಲ್ಲ ಅಂತ ತಕ್ಷಣ ಮೋಸ ಅನ್ನಬೇಕಾಗಿಲ್ಲ. ಪತ್ರದಲ್ಲಿ ಹೊಸೂರಿನ ಗಾಡಿಯ ಬಗ್ಗೆ ಬರೆದ ಸಾಲನ್ನು ಇಡಬೇಕೋ ಬೇಡವೋ ಅಂತ ಜಾಸ್ತಿ ಹೊತ್ತು ಯೋಚಿಸಿದೆ. ಸಲಿಗೆ ಅನ್ನಿಸಬಹುದು. ಆದರೂ ಇಟ್ಟೆ. ಆ ದಿನ ಅವರ ತಲೆಯಲ್ಲಿ ಇದ್ದಿದ್ದು ಅದೊಂದೇ.

ಉತ್ತರ ಬರಲಿಲ್ಲ. "ಸೋಮವಾರ ಫೋನ್ ಮಾಡು, ಬಿಡ್ಬೇಡ" ಅಂತ ಗೆಳೆಯರು. ಆ ಸೋಮವಾರ ಸರಿಯಾಗಿ 20ನೇ ತಾರೀಖು! ಅವತ್ತು ಅಕೌಂಟ್ಸ್ ಕೋಣೆಗೆ ಫೋನ್ ಮಾಡಿದರೆ ಕೆಲಸ ಸಿಗುವುದಿರಲಿ, ಹೆಸರು ಕೆಡುತ್ತೆ. ತಿಂಗಳ ಕೊನೆಗೆ ಸಂಬಳ, 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ಬಿಲ್‌ಗಳ ಜಿಎಸ್‌ಟಿಆರ್-1, 14ಕ್ಕೆ 2ಬಿ ಬಂದರೆ ತಾಳೆ ನೋಡುವ ಕೆಲಸ. ನಮ್ಮವರು ಉಸಿರು ಬಿಡುವುದು 21ರಿಂದ 27ರವರೆಗೆ. ಒಂದು ವಾರದ ಗಡುವು ಮುಗಿಯಲಿ ಅಂತ ಕಾದು, 25ರ ಬೆಳಿಗ್ಗೆ ಎರಡನೇ ಪತ್ರ ಹಾಕಿದೆ. ಮತ್ತೆ ಹೊಗಳಿಕೆ ಇಲ್ಲ. ತೀರ್ಮಾನ ಆಗಿಲ್ಲದಿದ್ದರೆ ಒಂದು ದಿನ ಬಂದು ಕೆಲಸ ಮಾಡಿ ತೋರಿಸುತ್ತೇನೆ, ಬೇರೆಯವರಿಗೆ ಆಗಿದ್ದರೆ ಒಂದು ಮಾತು ತಿಳಿಸಿ ಅಂತಷ್ಟೇ.

ಮಧ್ಯಾಹ್ನದೊಳಗೆ ಉತ್ತರ ಬಂತು. ಕೆಲಸ ಬೇರೆಯವರಿಗೆ ಆಗಿತ್ತು, ಅವರಿಗೆ ಕಾಸ್ಟಿಂಗ್, ಅಂದರೆ ತಯಾರಿಕೆಯ ಖರ್ಚಿನ ಲೆಕ್ಕ ಗೊತ್ತಿತ್ತಂತೆ. ಕೆಳಗೆ ಇನ್ನೊಂದು ಸಾಲು: ರಾಜಾಜಿನಗರದಲ್ಲಿ ನಮ್ಮ ಆಡಿಟರ್‌ಗೆ ಜನ ಬೇಕು, ನಿಮ್ಮ 2ಬಿ ಪತ್ರವನ್ನು ಅವರಿಗೆ ಕಳಿಸಿದ್ದೇನೆ. "ಇಲ್ಲ ಅಂದಿದ್ದಕ್ಕೂ ಥ್ಯಾಂಕ್ಸಾ?" ಅಂತ ಅಪ್ಪ ಕೇಳುತ್ತಿದ್ದ ಹಾಗೇ ಎರಡು ಸಾಲು ಬರೆದು ಕಳಿಸಿದೆ.

ಆಡಿಟರ್ ಆಫೀಸಿನ ಸಂದರ್ಶನದಲ್ಲಿ ಪ್ರಶ್ನೆಗಳೂ ಮುಗಿದವು, ಉತ್ತರಗಳೂ ಮುಗಿದವು. ಹಾಗಾಗಿ ಅಲ್ಲಿಗೆ ಬರೆದ ಪತ್ರ ತೀರಾ ಚಿಕ್ಕದು. ಪೀಣ್ಯದವರಿಗೂ ಹೋಗಿ ಬಂದೆ ಅಂತ ತಿಳಿಸಿದೆ. ಈ ಸಲ ಕಾಯಿಸಲಿಲ್ಲ, ಬೇಗನೇ ಕನ್ನಡದಲ್ಲೇ ಉತ್ತರ ಹಾಕಿದರು: "ಸಂಬಳ ಎಷ್ಟು ಹೇಳಿದ್ರು?"